ರೊಟ್ಟಿ ಬಡಿತಕ್ಕೊಂದು ಇಂಗ್ಲಿಷ್ ಶಬ್ದ

ಮ್ಯಾಗ್. ನಾ. ನಿ. ಮಸ್.

ಒಂದೊಂದು ತುಣುಕಿಗೂ ಹಿಟ್ಟಿನ ಮೇಲೆ ಒಂದೊಂದು ಬಡಿತ. ಶಬ್ದ ಒಮ್ಮೆ ಮುಗಿಯುವಷ್ಟರಲ್ಲಿ ಜೋಳದ ಹಿಟ್ಟಿನ ಉಂಡೆ ಅಂಗೈಯಷ್ಟಗಲ ಆಗಿತ್ತು. ನನ್ನ ಶಿಷ್ಯೆ ಹೇಳುತ್ತಲೇ ಹೋದಳು, ರೊಟ್ಟಿ ಹೆಂಚಿನಗಲ ಆಯಿತು. ಎತ್ತಿ ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ನನ್ನ ಕಡೆ ತಿರುಗಿ ಕೇಳಿದಳು: "ಅಂದ್ರ ದೊಡ್ಡ ಮನಸ್ಸಿನವ್ರು. ಹೌದಲ್ರೀ ಅಕ್ಕೋರ?"

ಹೌದು ಎಂದೆ. ಕಲಿಸಲು ಹೋಗುವವಳಾದ್ದರಿಂದ ನಾನು ಅಕ್ಕೋರು. ವಯಸ್ಸಿನಲ್ಲಿ ಅವಳೇ ನನಗಿಂತ ದೊಡ್ಡವಳು.

ಇದು ಹೋದ ಸೋಮವಾರದ ಮಾತು.

ಇಂಗ್ಲಿಷಿನ ಭಾರಿ ಭಾರಿ ಶಬ್ದಗಳನ್ನು ಗಳಿಸುವ ಹುಚ್ಚು ಈಗ ಧಾರವಾಡಕ್ಕೆಲ್ಲ ಹಿಡಿದಿದೆ. ಕಾಲೇಜಿನ ಹುಡುಗರು ಕೆಲಗೇರಿ ರಸ್ತೆಯಲ್ಲಿ ಗಾಳಿಗೆಂದು ಅಡ್ಡಾಡುತ್ತ ಡಿಕ್ಷನರಿಯ ಪುಟ ಬಾಯಿಪಾಠ ಮಾಡುತ್ತಾರೆ. ಎದುರಿಗೆ ಎಮ್ಮೆ ಬಂದರೂ ಕಾಣುವುದಿಲ್ಲ. ಓದುವಾಗ ನನಗೂ ಆ ಹುಚ್ಚಿತ್ತು. ನೌಕರಿ ಬೇಕಾದವರು ಮಾಡಲಿ, ತಪ್ಪೇನು? ಮತ್ತೊಂದು ವಾರವಾಗಿದ್ದರೆ ಈ ಅಂಕಣದಲ್ಲಿ ಇದನ್ನೇ ಹಿಡಿದು ನಿಮ್ಮನ್ನು ನಗಿಸುತ್ತಿದ್ದೆ.

ಈ ವಾರ ನಗಿಸಲಾರೆ. ಈ ಹೆಣ್ಣುಮಗಳು ಶಬ್ದ ಕಲಿಯುತ್ತಿರುವುದು ನೌಕರಿಗಾಗಿ ಅಲ್ಲ. ತನ್ನ ಮನೆಯಲ್ಲಿ ತಾನು ಉಳಿಯುವುದಕ್ಕಾಗಿ.

ಹೆಸರು ಬೇಡ. ಗಿರಿಜಾ ಎಂದುಕೊಳ್ಳೋಣ. ಹುಬ್ಬಳ್ಳಿಯ ಅರಳೆ ವ್ಯಾಪಾರಿಯ ಮಗಳು. ಕಲಿತದ್ದು ಕನ್ನಡ ನಾಲ್ಕನೆಯ ಇಯತ್ತೆ. ಮದುವೆಯಾದಾಗ ಗಂಡ ಇನ್ನೂ ಓದುತ್ತಿದ್ದರು. ಈಗ ಇಲ್ಲಿಯ ಕೋರ್ಟಿನಲ್ಲಿ ಹೆಸರಾದ ವಕೀಲರು. ಬಂಗಲೆ ಆಯಿತು. ಸಾಹೇಬರುಗಳ ಮನೆಯಿಂದ ಟೀ ಪಾರ್ಟಿಗೆ ಕರೆ ಬರತೊಡಗಿತು. ಅಲ್ಲಿ ಗಂಡಸರು ಹೆಂಡಂದಿರನ್ನೂ ಕರೆದುಕೊಂಡು ಬರುತ್ತಾರೆ, ಇವರೊಬ್ಬರೇ ಹೋಗಬೇಕಾಯಿತು. ಅಂಥದೊಂದು ಪಾರ್ಟಿಯಿಂದ ಮರಳಿದವರು ಹೆಂಡತಿಗೆ ದೀಪಾವಳಿಯ ಗಡುವು ಕೊಟ್ಟರು. ಅಷ್ಟರಲ್ಲಿ ನಾಲ್ಕು ಮಂದಿಯೆದುರು ಇಂಗ್ಲಿಷ್ ಆಡಲು ಬರಬೇಕು. ಬಾರದಿದ್ದರೆ, ಬರುವವಳೊಬ್ಬಳನ್ನು ತರುತ್ತೇನೆ ಎಂದರಂತೆ.

ಸಿಟ್ಟು ಮಾಡಿಕೊಂಡು ಹೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲ ಎಂದು ಗಿರಿಜಾ ನನಗೆ ಹೇಳಿದ್ದಳು. ಅವರು ಹೇಳಿದ್ದು ಕೇಸಿನ ತಾರೀಖು ಹೇಳುವ ದನಿಯಲ್ಲಿ.

ಇನ್ನೊಂದು ಮದುವೆಗೆ ಈ ಇಂಗ್ಲಿಷ್ ಸರಕಾರದ ಯಾವ ಕಾಯದೆಯೂ ಅಡ್ಡ ಬರುವುದಿಲ್ಲ. ಅದು ವಕೀಲರಿಗೆ ಗೊತ್ತಿರದೆ ಯಾರಿಗೆ ಗೊತ್ತು?

ನನ್ನ ತಂದೆಯವರಿಗೆ ಅವಳ ತಂದೆಯ ಪರಿಚಯ. ಹೀಗಾಗಿ ಕಲಿಸಲು ನಾನು ಹೋಗತೊಡಗಿದೆ. ಮುಂಜಾನೆ ಕೋರ್ಟಿಗೆ ಹೊರಡುವ ಮುಂಚೆ ವಕೀಲರು ಅಡಿಗೆಮನೆಯ ಪಾಟಿಯ ಮೇಲೆ ಆ ದಿನದ ಶಬ್ದಗಳನ್ನು ಬರೆದು ಹೋಗುತ್ತಾರೆ. ಸಂಜೆ ಬಂದು, ಕರಿಕೋಟು ಕಳೆಯುವ ಮೊದಲೇ ಅವನ್ನು ಒಪ್ಪಿಸಿಕೊಳ್ಳುತ್ತಾರೆ. (ಮನೆಯಲ್ಲಿ ಅಡಿಗೆಯವಳಿದ್ದಾಳೆ. ಆದರೆ ರೊಟ್ಟಿ ಮಾತ್ರ ಹೆಂಡತಿಯ ಕೈಯದೇ ಆಗಬೇಕು. ರುಚಿಯಲ್ಲಿ ವಕೀಲರು ಇನ್ನೂ ಹಳಬರು.) ಓದಲು ಬೇರೆ ವೇಳೆಯಿಲ್ಲದ್ದಕ್ಕೆ ಗಿರಿಜಾ ರೊಟ್ಟಿ ಬಡಿಯುತ್ತಲೇ ಶಬ್ದ ಉರುಹಾಕುವುದನ್ನು ಕಂಡುಕೊಂಡಳು.

"ನನ್ನ ಸೊಸಿ ರೊಟ್ಟಿಗೆ ಇಂಗ್ಲಿಷ ಕಲಸಾಕತ್ತಾಳ" ಎಂದು ಅತ್ತೆ ಬಂದವರೆದುರು ಹೇಳಿ ನಗುತ್ತಾಳೆ. ಗಿರಿಜಾ ಕೂಡ ನಗುತ್ತಾಳೆ. ವಕೀಲರ ಟಾಂಗಾದ ಗಂಟೆ ಕೇಳುವವರೆಗೆ.

ಮನೆಯ ಒಂದೊಂದು ವಸ್ತುವಿಗೆ ಒಂದೊಂದು ಶಬ್ದವನ್ನು ಗಂಟುಹಾಕುವುದು ನನ್ನ ಪದ್ಧತಿ. ಫ್ರಜೈಲ್ ಎಂದರೆ ಲಗೂ ಒಡೆಯುವಂಥದು: ಕಂದೀಲಿನ ಗಾಜು. ಇನ್‌ಡಿಸ್ಪೆನ್ಸಬಲ್ ಎಂದರೆ ಇಲ್ಲದೆ ನಡೆಯದಂಥದು: ಉಪ್ಪು ಎಂದು ಅವಳೇ ಹೇಳಿದಳು. ಒಂದು ದಿನ ಪಾಟಿಯ ಮೇಲೆ ಸುಪರ್‌ಫ್ಲುಅಸ್ ಎಂದಿತ್ತು. ಬೇಕಾದದ್ದಕ್ಕಿಂತ ಹೆಚ್ಚಿನದು, ತೆಗೆದುಹಾಕಿದರೂ ನಡೆಯುವಂಥದು ಎಂದು ವಿವರಿಸಿ, ಮನೆಯಲ್ಲಿ ಅಂಥದೇನಿದೆ ಹೇಳು ಎಂದೆ.

ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಇದಕ್ಕ ಉದಾಹರಣಿ ಬ್ಯಾಡ್ರಿ ಅಕ್ಕೋರ. ಇದು ನನಗ ನೆನಪ ಇರತೈತಿ."

ಇನ್ನು ಸೋಮವಾರಕ್ಕೆ ಬರುತ್ತೇನೆ. ಅಂದು ವಕೀಲರು ದಿನಕ್ಕಿಂತ ಬೇಗ ಬಂದರು. ನಾನಿನ್ನೂ ಅಲ್ಲಿಯೇ ಇದ್ದೆ. ನಡುಮನೆಯ ಕುರ್ಚಿಯಲ್ಲಿ ಕುಳಿತು ಹೆಂಡತಿಯನ್ನು ಕರೆದರು. ಮೊದಲನೆಯ ಶಬ್ದ, ಮ್ಯಾಗ್ನಾನಿಮಸ್.

ಗಿರಿಜಾ ಎದುರಿಗೆ ನಿಂತು 'ಮ್ಯಾಗ್' ಎಂದಳು. ಅವಳ ಕೈ ತಾನಾಗಿಯೇ ಸೀರೆಯ ನಿರಿಗೆಯ ಮೇಲೆ ಒಂದು ಸಲ ಬಡಿಯಿತು.

"ಕೈ ಸುಮ್ನ ಇಡು" ಎಂದರು ವಕೀಲರು. "ಸಾಹೇಬರ ಮಡಮ್ಮನವರ ಮುಂದೂ ರೊಟ್ಟಿ ಬಡೀತೀಯೇನು?"

ಅವಳು ಎರಡೂ ಕೈ ಹಿಡಿದುಕೊಂಡಳು. ತುಟಿಗಳು ಅಲುಗಿದವು. ದನಿ ಬರಲಿಲ್ಲ. ಕೈ ನಿಂತೊಡನೆ ಶಬ್ದವೂ ನಿಂತುಹೋಗಿತ್ತು. ಎರಡನೆಯ ಶಬ್ದ ಕೇಳಿದರು. ಅದೂ ಇಲ್ಲ. ಮೂರನೆಯದೂ ಇಲ್ಲ. ಕಲಿತದ್ದೆಲ್ಲ ಆ ಬಿಗಿಹಿಡಿದ ಕೈಗಳಲ್ಲಿಯೇ ಇದೆ ಎಂದು ನನಗೆ ಗೊತ್ತು, ಅವಳಿಗೆ ಗೊತ್ತು. ಹೇಳುವವರು ಯಾರು?

ವಕೀಲರು ನನ್ನ ಕಡೆ ತಿರುಗಿದರು. "ನೀವು ಹೇಳ್ರಿ. ಒಂದು ವಾಕ್ಯದಾಗ."

ಗೆದ್ದ ರಾಜ ಸೋತವರನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಟ್ಟ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅರ್ಥ ತಟ್ಟೀತು ಎಂಬ ಆಸೆ. ಅವರು ಅರ್ಥವನ್ನು ಕೇಳಲೇ ಇಲ್ಲ. ಉಚ್ಚಾರವನ್ನು ಕೇಳಿದರು. "ಛಲೋ ಐತಿ" ಎಂದು ತುಸು ಹೊತ್ತು ನನ್ನನ್ನು ನೋಡಿ, ನನಗೆ ಚಹಾ ತರಲು ಗಿರಿಜಾಳಿಗೆ ಹೇಳಿದರು.

ಶುಕ್ರವಾರ ನಮ್ಮ ಮನೆಗೆ ಬಳಗದ ಒಬ್ಬ ಅತ್ಯಾ ಬಂದಳು.

ನನ್ನ ಮನೆಯ ಮಾತನ್ನು ನಾನು ಇಲ್ಲಿ ಬರೆಯುವವಳಲ್ಲ, ಓದುಗರಿಗೆ ಗೊತ್ತು. ಈ ಸಲವೊಂದೇ ಬರೆಯುತ್ತೇನೆ. ಅತ್ಯಾ ಮಳೆ, ಬೆಳೆ, ಮೊಣಕಾಲು ನೋವು ಎಲ್ಲ ಮುಗಿಸಿ ವಿಷಯಕ್ಕೆ ಬಂದಳು. ಆ ವಕೀಲರು ತಾವಾಗಿಯೇ ನನ್ನನ್ನು ಮದುವೆಗೆ ಕೇಳಿದ್ದಾರಂತೆ. ಅಪ್ಪ, ಅವರಿಗೆ ಹೆಂಡತಿ ಇದ್ದಾಳಲ್ಲ ಎಂದರು.

"ಇರ್ಲಿ ಬಿಡೊ ತಮ್ಮಾ. ಆಕಿ ಅಡಿಗಿ ಮಾಡಿಕೊಂಡು ಇರ್ತಾಳ. ಇಕಿ ಬರೇ ಇಂಗ್ಲಿಷ ಮಾತಾಡಿಕೊಂಡು ಇದ್ರಾತು."

ಅಪ್ಪ ನನ್ನ ಮುಖ ನೋಡಿದರು. ಒಲ್ಲೆ ಎಂದೆ. ಅವರೂ ಹಾಗೆಯೇ ಹೇಳಿ ಕಳಿಸಿದರು. ಅಷ್ಟೇ.

ಅಷ್ಟೇ ಎಂದುಕೊಂಡೆ. ಭಯ ಶುರುವಾದದ್ದು ಆಮೇಲೆ. ನಾನು ಒಲ್ಲೆ ಎಂದೆ, ಸರಿ. ಈ ಜಿಲ್ಲೆಯಲ್ಲಿ ಬಿ.ಎ. ಆದ ಹುಡುಗಿ ನಾನೊಬ್ಬಳೇ ಏನು? ಉಳಿದವರ ಅಪ್ಪಂದಿರೆಲ್ಲ ಮಗಳ ಮುಖ ನೋಡಿ ಉತ್ತರ ಕೊಡುವವರೇ? ಇಷ್ಟು ವರ್ಷ ಒಂದೊಂದಾಗಿ ಕೂಡಿಟ್ಟ ನನ್ನ ಶಬ್ದಗಳು ಇನ್ನೊಬ್ಬಳ ಜಾಗ ಕಸಿಯಲು ಅವಳ ಮನೆಯ ಬಾಗಿಲಿಗೆ ಹೋಗಿ ನಿಂತಿದ್ದವು. ನನ್ನನ್ನು ಕೇಳಿರಲಿಲ್ಲ.

ಶನಿವಾರ ಹೋಗಲೋ ಬೇಡವೋ? ಹೋದೆ. ವಕೀಲರು ಕೋರ್ಟಿನಲ್ಲಿದ್ದರು. ಗಿರಿಜಾ ಪಾಟಿಯೆದುರು ಕುಳಿತಿದ್ದಳು. ಹಿಟ್ಟು ಹಾಗೆಯೇ ಇತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಕೈ ಅಲುಗದಂತೆ ಶಬ್ದ ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಳು.

ಅವಳಿಗೆ ಎಲ್ಲ ಗೊತ್ತಾಗಿತ್ತು. ಅತ್ಯಾ ಅಲ್ಲಿಗೂ ಹೋಗಿ ಬಂದಿದ್ದಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ನೀವು ಒಲ್ಲೆ ಅಂದ್ರಂತ. ಸಿಟ್ಟಾಗಬ್ಯಾಡ್ರಿ ಅಕ್ಕೋರ, ಹೂಂ ಅಂದಿದ್ರ ಛಲೋ ಇತ್ತು ಅನಿಸ್ತು ನನಗ. ನಿಮ್ಮ ಗುರುತಾದ್ರೂ ಐತಿ. ಇನ್ನ ಬರಾಕಿ ಹೆಂಗ ಇರ್ತಾಳೋ ಏನೋ."

ನಾನು ಅವಳ ಪಕ್ಕದಲ್ಲಿ ಕುಳಿತೆ.

"ದೀಪಾವಳಿ ಇನ್ನೂ ದೂರ ಐತಿ" ಎಂದಳು. "ಇವತ್ತಿನ ಶಬ್ದ ಹೇಳ್ರಿ."

ಹೇಳಿದೆ. ಮುಂದಿನ ಸೋಮವಾರವೂ ಹೋಗುತ್ತೇನೆ. ಹೋಗದೆ ಇರುವುದು ಹೇಗೆ?

ಇಷ್ಟನ್ನೆಲ್ಲ ಅಚ್ಚಿಗೆ ಕೊಡಲು ಹೆದರಿಕೆಯಿಲ್ಲವೇ ಎಂದು ಅವ್ವ ಕೇಳಿದಳು. ಇದೆ. ಆದರೆ ವಕೀಲರು ಕನ್ನಡ ಪತ್ರಿಕೆ ಓದುವುದನ್ನು ಬಿಟ್ಟು ವರ್ಷಗಳಾದವು. ಅದನ್ನು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನು ಬರೆಯುತ್ತಿರುವುದು ಅವರಿಗಲ್ಲ. ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿದ ನಿಮಗೆ. ಇಂಗ್ಲಿಷ್ ಬಲ್ಲ ಹುಡುಗಿ ಬೇಕೆಂದು ನಾಳೆ ನಿಮ್ಮ ಮನೆಗೂ ಒಬ್ಬ ಅತ್ಯಾ ಬರಬಹುದು. ಬಂಗಲೆ ನೋಡುತ್ತೀರಿ, ಟಾಂಗಾ ನೋಡುತ್ತೀರಿ.

ಆ ಮನೆಯಲ್ಲಿ ಈಗ ರೊಟ್ಟಿ ಬಡಿಯುತ್ತಿರುವವರು ಯಾರೆಂದು ಕೇಳುತ್ತೀರಾ?