ಮಾನೇಸರ್ ಆಚೆಯ ನೀಲಿ ನೀರು

ನಮ್ಮ ಭಾವ ಕೆರೆಯ ನಟ್ಟನಡುವೆ ಎದ್ದು ನಿಂತರು. ನೀರು ಸೊಂಟದವರೆಗೆ ಮಾತ್ರ. ಎರಡೂ ಕೈ ಮೇಲೆತ್ತಿ, "ನೋಡ್ರೇ, ಇಲ್ಲಿ ಆಳಾನೇ ಇಲ್ಲ!" ಅಂತ ಕೂಗಿದರು.

ದಡದಲ್ಲಿ ಕೂತಿದ್ದ ನಾನೂ ಅವರ ಮಗಳು ನೇಹಾಳೂ ಚಪ್ಪಾಳೆ ತಟ್ಟಿದೆವು. ಯಾಕೆ ತಟ್ಟಿದೆವೋ!

ಹೋದ ತಿಂಗಳು ಒಂದು ಸೆಮಿನಾರಿಗೆಂದು ದೆಹಲಿಗೆ ಹೋಗಿದ್ದೆ. ಉಳಿದದ್ದು ಪೀತಮ್‌ಪುರದ ಅಕ್ಕನ ಮನೆಯಲ್ಲಿ. ಮೇ ತಿಂಗಳ ದೆಹಲಿ ಅಂದರೆ ಗೊತ್ತಲ್ಲ? ಮರುಭೂಮಿಯ ಕಡೆಯಿಂದ ಬೀಸುವ ಬಿಸಿಗಾಳಿ, ಹಲ್ಲಿನ ಸಂದಿಯಲ್ಲೂ ಧೂಳು. ಭಾನುವಾರ ಎಲ್ಲಿಗೆ ಹೋಗುವುದು? ಗುರ್‌ಗಾಂವ್‌ನ ಹೊಸ ಮಾಲ್‌ಗೆ, ಅಂದಳು ನೇಹಾ. (ಬೇಸಿಗೆಯಲ್ಲಿ ಅಲ್ಲಿಯವರಿಗೆ ಎಸಿ ಇರುವ ಜಾಗವೇ ಹಿಲ್ ಸ್ಟೇಷನ್.)

ಭಾವ ಒಪ್ಪಲಿಲ್ಲ. ಅವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಹುಟ್ಟಿ ಬೆಳೆದದ್ದು ಕೃಷ್ಣಾ ನದಿ ದಂಡೆಯಲ್ಲಿ. ದೆಹಲಿಗೆ ಬಂದ ಮೇಲೆ ಬಕೆಟ್ಟಿಗಿಂತ ಹೆಚ್ಚು ನೀರಿನ ಸಹವಾಸ ಇಲ್ಲ.

"ಅದೇ ರಸ್ತೆಯಲ್ಲಿ ಮುಂದೆ ಮಾನೇಸರ್ ದಾಟಿದರೆ ಗುಡ್ಡದೊಳಗೆ ಕೆರೆ ಇದೆಯಂತೆ. ಚಲೋ!" ಅಂದರು. ಈ ಬಿಸಿಲಲ್ಲಿ ತಾನಂತೂ ಬರುವುದಿಲ್ಲ ಅಂತ ಅಕ್ಕ ಮನೆಯಲ್ಲೇ ಉಳಿದಳು.

ಹೋಗಿ ನೋಡಿದರೆ ಅದು ಕೆರೆಯಲ್ಲ, ಹಳೇ ಕಲ್ಲುಕ್ವಾರಿ. ಅಗೆದೂ ಅಗೆದೂ ಬಿಟ್ಟುಹೋದ ಗುಂಡಿಯಲ್ಲಿ ನೆಲದೊಳಗಿನ ನೀರು ಎದ್ದು ನಿಂತಿತ್ತು. ಕಡುನೀಲಿ. ಲಾರಿ ಓಡಾಡುತ್ತಿದ್ದ ರಸ್ತೆ ಇಳಿಜಾರಾಗಿ ಬಂದು, ನಿಲ್ಲದೆ ಹಾಗೇ ನೀರಿನೊಳಗೆ ಹೋಗಿಬಿಟ್ಟಿತ್ತು. ಅಂಥ ಬಿಸಿಲಿನಲ್ಲೂ ನೀರು ಕುಡಿಯಲು ಒಂದು ಹಕ್ಕಿಯೂ ಬಂದಿರಲಿಲ್ಲ. ಗಾಳಿಯೂ ಇಲ್ಲ.

"ವಾವ್, ಪಪ್ಪಾ!" ಅಂದಳು ನೇಹಾ. ಅಷ್ಟರಲ್ಲಿ ಭಾವ ಶರ್ಟು ಬಿಚ್ಚಿ ಧುಮುಕಿದ್ದರು. ಆ ಮನುಷ್ಯ ಹಾಗೆ ನಗುವುದನ್ನು ನಾನು ಅವರ ಮದುವೆಯಲ್ಲೂ ನೋಡಿರಲಿಲ್ಲ!

ಅವರು ನಡುವೆ ನಿಂತು ಕೈಯೆತ್ತಿದಾಗಲೇ ಹಿಂದಿನಿಂದ ಮುದುಕಿಯೊಬ್ಬಳು ಕಿರುಚಿದಳು. ಮೇಕೆ ಮೇಯಿಸುವವಳು. "ಅವನನ್ನ ಹೊರಗೆ ಕರೀರಿ!" ಅಂತ ಹಿಂದಿಯಲ್ಲಿ.

"ಹೆದರಬೇಡಿ ಮಾಜೀ, ಅಲ್ಲಿ ಬಂಡೆ ಇದೆ. ನೋಡಿ, ನಿಂತಿದ್ದಾರಲ್ಲ" ಅಂದೆ.

"ಎಲ್ಲಿಯ ಬಂಡೆ? ಇಲ್ಲಿ ಕಲ್ಲು ಒಡೆದವರೇ ನಾವು. ಅಲ್ಲಿ ಏನೂ ಉಳಿಸಿಲ್ಲ. ಅದೇ ಎಲ್ಲಕ್ಕಿಂತ ಆಳದ ಜಾಗ."

ನಾನು ತಿರುಗಿ ನೋಡಿದೆ. ಭಾವನ ಕೈಗಳು ಇಳಿದಿದ್ದವು. ಕೂಗೂ ನಿಂತಿತ್ತು. ಯಾರೋ ಕೆಳಗಿನಿಂದ ಮಾತಾಡಿಸುತ್ತಿರುವ ಹಾಗೆ ತಲೆ ಬಗ್ಗಿಸಿ ನೀರನ್ನೇ ನೋಡುತ್ತಿದ್ದರು.

"ಭಾವ, ಬನ್ನಿ!" ಅಂದೆ. ತಿರುಗಲಿಲ್ಲ. "ಪಪ್ಪಾ! ಪಪ್ಪಾ, ವಾಪಸ್ ಆವೋ!" ನೇಹಾಳ ಗಂಟಲು ಹರಿಯಿತು. ಸುತ್ತಲಿನ ಕಲ್ಲುಗೋಡೆಗಳು ಅವಳ ಕೂಗನ್ನು ಮತ್ತೆ ಮತ್ತೆ ಹೇಳಿದವು. ಎಷ್ಟೋ ಹೊತ್ತಿಗೆ ಅವರು ನಿದ್ದೆಯಿಂದ ಎದ್ದವರಂತೆ ನಮ್ಮತ್ತ ನೋಡಿ, ನೀರಿಗೆ ಬಿದ್ದು, ನಿಧಾನ ಈಜುತ್ತ ಬಂದರು.

ಆ ಉರಿಬಿಸಿಲಲ್ಲಿ ಗಡಗಡ ನಡುಗುತ್ತಿದ್ದರು. ನಾನೇ ಟವೆಲ್ ಹೊದಿಸಿದೆ.

"ಕಾಲ ಕೆಳಗೆ ಏನಿತ್ತು ಭಾವ?"

"ಬಂಡೆ ಅಂದುಕೊಂಡೆ ಕಣಮ್ಮ" ಅಂದರು. ಟವೆಲ್ಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು, "ನೀರು ಐಸಿನಂತಿತ್ತು. ಅದು ಮಾತ್ರ ಬೆಚ್ಚಗಿತ್ತು."

ಮುದುಕಿ ಮೇಕೆಗಳನ್ನು ಹೊಡೆದುಕೊಂಡು ಹೋದಳು.

ಪೀತಮ್‌ಪುರ ತಲುಪುವ ಹೊತ್ತಿಗೆ ಬಿಸಿಲು, ಸುಸ್ತು, ಭ್ರಮೆ ಅಂತ ಮೂವರೂ ಒಪ್ಪಿಕೊಂಡಿದ್ದೆವು. ವಿದ್ಯಾವಂತರಲ್ಲವೇ, ಕಾರಣ ಕೊಟ್ಟುಕೊಳ್ಳದೆ ನಿದ್ದೆ ಹೇಗೆ ಬರಬೇಕು? ವರ್ಷಗಟ್ಟಲೆ ನೀರಿಗೆ ಹಂಬಲಿಸಿದ ಮನುಷ್ಯ, ಸಿಕ್ಕಿದ ಕೂಡಲೇ ಮೈಮರೆತ. ಅಷ್ಟೇ, ಅಂದುಕೊಂಡು ನಾನು ರೈಲು ಹತ್ತಿದೆ.

ಮೊನ್ನೆ ನೇಹಾ ಫೋನ್ ಮಾಡಿದ್ದಳು. ಪಿಸುಮಾತು. "ಚಿಕ್ಕಮ್ಮ, ಪಪ್ಪಾ ಈಗ ಹರ್ ಸಂಡೇ ಆಫೀಸ್ ಇದೆ ಅಂತ ಕಾರ್ ತಗೊಂಡು ಹೋಗ್ತಾರೆ. ವಾಪಸ್ ಬಂದಾಗ ತಲೆಯೆಲ್ಲ ಒದ್ದೆ. ಅಮ್ಮ ಕೇಳಿದ್ರೆ ಮಳೆ ಅಂತಾರೆ."

ದೆಹಲಿಯಲ್ಲಿ ಇನ್ನೂ ಮಳೆ ಶುರುವಾಗಿಲ್ಲ, ಅಲ್ಲವೇ?