ಕರಜಗಿಯಲ್ಲಿ ಅಣ್ಣನ ತಲೆ ಬೋಳಿಸಿದ ದಿನ

ಅಣ್ಣನ ಎದೆಯೊಳಗೆ ಲೋಹದ ಕವಾಟ ಕೂರಿಸಿದ ಮೇಲೆ ನಮ್ಮ ಮನೆಯಲ್ಲಿ ದಾಡಿ ಮಾಡಿಕೊಳ್ಳುವುದು ಹೆದರಿ ಮಾಡುವ ಕೆಲಸವಾಯಿತು. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಅವನು ದಿನಾ ಸಂಜೆ ಒಂದು ಗುಳಿಗೆ ನುಂಗಬೇಕು. ಅದು ರಕ್ತವನ್ನು ತೆಳುವಾಗಿಡುತ್ತದೆ. ಗುಳಿಗೆ ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ರಕ್ತ ನಿಲ್ಲುವುದಿಲ್ಲ. ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಬದಿಗೆ ಕರೆದು ಐದಾರು ಮಾತು ಹೇಳಿದರು. ಅದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಒಂದೇ: ಮುಖದ ಹತ್ತಿರ ಬ್ಲೇಡು ಬರಬಾರದು.

ನಾನು ಜೇವರ್ಗಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಅಣ್ಣ ಆಳಂದದಲ್ಲಿ ತಹಶೀಲ್ ಕಚೇರಿಯ ಎದುರು ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತಾನೆ. ಇಸ್ತ್ರಿ ಅಂಗಿ ಮತ್ತು ನುಣ್ಣನೆಯ ಗಲ್ಲ, ಇವೆರಡಿಲ್ಲದೆ ಅವನು ಮನೆಯಿಂದ ಹೊರಗೆ ಬಿದ್ದವನಲ್ಲ. ವಾರಕ್ಕೆ ಎರಡು ಸಲ ಬಸ್ ನಿಲ್ದಾಣದ ಹಿಂದಿನ ಕಟಿಂಗ್ ಅಂಗಡಿಗೆ ಹೋಗಿ ಕಣ್ಣು ಮುಚ್ಚಿ ಕೂರುವುದು ಅವನ ದೊಡ್ಡ ಸುಖವಾಗಿತ್ತು. ಐವತ್ತು ರೂಪಾಯಿಗೆ ಎರಡು ಸಲ ನೊರೆ, ಎರಡು ಸಲ ಕತ್ತಿ, ಕೊನೆಗೆ ಪಟಿಕದ ತುಂಡು ತಿಕ್ಕಿ ತಣ್ಣೀರು. ಅದರ ಮೇಲೆ ತಲೆಗೆ ನಾಲ್ಕು ತಟ್ಟು ಪುಕ್ಕಟೆ. ಆ ಸುಖಕ್ಕೆ ಬದಲಿ ಹುಡುಕಿಕೊಡುವುದು ನನ್ನ ಪಾಲಿಗೆ ಬಂತು.

ನಾನು ಪಾಠಕ್ಕೆ ತಯಾರಾಗುವಂತೆಯೇ ತಯಾರಾದೆ. ಒಂದು ಹಾಳೆಯಲ್ಲಿ ಗೆರೆ ಎಳೆದು ಖರ್ಚು, ಆರಾಮ, ಗಾಯದ ಭಯ ಎಂದು ಮೂರು ಮನೆ ಮಾಡಿದೆ. ಎಲ್ಲಕ್ಕಿಂತ ಅಗ್ಗ ನಮ್ಮ ಅಪ್ಪನ ಕಾಲದ ಹಿತ್ತಾಳೆ ರೇಜರು. ಅದಕ್ಕೆ ಬೇಕಾದ್ದು ಮೂರು ರೂಪಾಯಿಯ ಬ್ಲೇಡು, ಆದರೆ ಗದ್ದದ ತಿರುವಿನಲ್ಲಿ ಕೈ ಸ್ವಲ್ಪ ಜಾರಿದರೂ ಚರ್ಮ ಸೀಳುತ್ತದೆ. ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನದು ಮೂರು ದಾಡಿಗೆ ಮೊಂಡಾಗಿ ಕೂದಲನ್ನು ಕತ್ತರಿಸದೆ ಜಗ್ಗುತ್ತದೆ. ಮೂರು ಬ್ಲೇಡಿನ ದುಬಾರಿ ರೇಜರನ್ನು ನನ್ನ ಮುಖದ ಮೇಲೆಯೇ ಒಂದು ತಿಂಗಳು ಪ್ರಯೋಗ ಮಾಡಿದೆ. ಅದು ಬೆಣ್ಣೆಯ ಹಾಗೆ ಹರಿಯುತ್ತದೆ ಎನ್ನುವುದು ಸಿಹಿನೀರಿನ ಊರಿನವರ ಮಾತು. ಜೇವರ್ಗಿಯ ಬೋರಿನ ಉಪ್ಪು ನೀರಿನಲ್ಲಿ ಸೋಪು ನೊರೆಯೇ ಬಿಡುವುದಿಲ್ಲ. ಒಣ ಗಲ್ಲದ ಮೇಲೆ ಎಳೆದಂತಾಗಿ, ಹೊರಗೆ ಬಿಸಿಲಿಗೆ ಬಂದರೆ ಬೆವರು ತಾಗಿ ಮುಖವೆಲ್ಲ ಉರಿ. ಕೂದಲು ಉದುರಿಸುವ ಕ್ರೀಮನ್ನು ಅಣ್ಣ ಮೂಸಿ ನೋಡಿ ವಾಪಸ್ ಕೊಟ್ಟ. ಕೊನೆಗೆ ಉಳಿದದ್ದು ಕರೆಂಟಿನ ಟ್ರಿಮ್ಮರು. ಕೊಳ್ಳುವಾಗ ಒಂದೂವರೆ ಸಾವಿರ, ಆಮೇಲೆ ಖರ್ಚಿಲ್ಲ, ಗಾಯವಿಲ್ಲ. ಕೊರತೆಯೆಂದರೆ ಅದು ಪೂರ್ತಿ ತೆಗೆಯುವುದಿಲ್ಲ. ಕೈಯಾಡಿಸಿದರೆ ಕೊಯ್ದ ಜೋಳದ ಹೊಲದ ಕೂಳೆಯಂತೆ ಚುಚ್ಚುತ್ತದೆ.

"ಬದುಕಿದ್ದೇ ಖರೆ, ಆದ್ರ ಮಾರಿ ತೊಳಕೊಂಡಂಗ ಅನ್ನಸಂಗಿಲ್ಲ ತಮ್ಮ," ಅಂದ ಅಣ್ಣ. ಆದರೂ ಒಪ್ಪಿಕೊಂಡ. ಎರಡು ವರ್ಷ ಟ್ರಿಮ್ಮರಿನಲ್ಲೇ ನಡೆಯಿತು. ಒಂದು ಗೀರೂ ಆಗಲಿಲ್ಲ. ಆ ಹಾಳೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು. ಅಪಾಯ ಎಲ್ಲಿದೆಯೆಂದು ನಾನು ಗುರುತು ಹಾಕಿದ್ದೇನೆ, ಅಲ್ಲಿ ಬಾಗಿಲು ಮುಚ್ಚಿದ್ದೇನೆ ಎಂದುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಕರಜಗಿಯ ಕಾಕಾ ತೀರಿಕೊಂಡರು. ಅಪ್ಪನ ಕಿರಿಯ ತಮ್ಮ. ಅವರಿಗೆ ಮಕ್ಕಳಿರಲಿಲ್ಲ. ಕ್ರಿಯೆಗೆ ಕೂರಬೇಕಾದವನು ಅಣ್ಣನೇ ಎಂದು ಮನೆಯ ಹಿರಿಯರಾದ ದೊಡ್ಡಪ್ಪ ಹೇಳಿದರು. ಅಣ್ಣ, ಅವನ ಹೆಂಡತಿ ವೈನಿ, ನಾನು ಮೂವರೂ ಹತ್ತು ದಿನ ಕರಜಗಿಯಲ್ಲೇ ಉಳಿದೆವು. ನಮ್ಮ ಮನೆತನದಲ್ಲಿ ಆ ಹತ್ತು ದಿನ ಒಗ್ಗರಣೆಯಿಲ್ಲ. ಹಸಿರು ಯಾವುದನ್ನೂ ಗಿಡದಿಂದ ಕೀಳುವುದಿಲ್ಲ, ತಿನ್ನುವುದಿಲ್ಲ. ಅನ್ನ, ಸಪ್ಪೆ ಬೇಳೆ, ಒಣ ರೊಟ್ಟಿ. ದಿನಾ ಎರಡು ಹೊತ್ತು ರೊಟ್ಟಿಯ ಜೊತೆ ಪುಂಡಿಪಲ್ಯವೋ ರಾಜಗಿರಿ ಸೊಪ್ಪೋ ಇಲ್ಲದೆ, ಬದಿಗೆ ಹಸಿ ಮೆಂತೆಯ ಸೂಡು ಇಲ್ಲದೆ ಉಣ್ಣದ ಅಣ್ಣ, ತಲೆ ತಗ್ಗಿಸಿ ಸಪ್ಪೆ ಅನ್ನ ಕಲಸಿ ತಿಂದ. ಸಂಜೆಯ ಗುಳಿಗೆ ಮಾತ್ರ ತಪ್ಪಿಸಲಿಲ್ಲ. ವೈನಿ ನೆನಪಿಟ್ಟು ನೀರಿನ ಜೊತೆ ತಂದುಕೊಡುತ್ತಿದ್ದಳು. ನಾನು ಅದನ್ನು ನೋಡಿ ನಿಶ್ಚಿಂತೆಯಿಂದಿದ್ದೆ.

ಎಂಟನೆಯ ದಿನ ಅವನ ಮೊಣಕೈ ಕೆಳಗೆ ಒಂದು ನೀಲಿ ಕಲೆ ಕಂಡಿತು. ಎಲ್ಲಿ ತಾಗಿತು ಎಂದರೆ ಗೊತ್ತಿಲ್ಲ ಅಂದ. ಹತ್ತನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಬಾಯಿ ಮುಕ್ಕಳಿಸಿ ಉಗುಳಿದಾಗ ಕಲ್ಲಿನ ಮೇಲೆ ನೀರು ತೆಳು ಕೆಂಪಗೆ ಹರಿಯಿತು. ನಾನು ನೋಡಿದೆ. ಎಲೆ ಅಡಿಕೆ ಎಂದುಕೊಂಡೆ. ಒಳಗೆ ಹೋಗುವಾಗ ನೆನಪಾಯಿತು, ಸೂತಕದ ಮನೆಯಲ್ಲಿ ಹತ್ತು ದಿನದಿಂದ ಯಾರೂ ಎಲೆ ಅಡಿಕೆ ಮುಟ್ಟಿಲ್ಲ. ಅಷ್ಟರಲ್ಲಿ ಹೊಲಕ್ಕೆ ಹೊರಡಿ ಎಂದು ದೊಡ್ಡಪ್ಪ ಕೂಗಿದರು. ನಾನು ಹೊರಟೆ. ಈಗ ಆ ಬೆಳಗನ್ನು ಮತ್ತೆ ಮತ್ತೆ ತಿರುವಿ ಹಾಕುವಾಗ ನಾನು ಪ್ರತಿ ಸಲವೂ ಅಲ್ಲೇ, ಆ ಕಲ್ಲಿನ ಬಳಿಯೇ ನಿಲ್ಲುತ್ತೇನೆ. ಅಂದು ನಿಲ್ಲಲಿಲ್ಲ.

ಕಾಕಾನ ಹೊಲದಲ್ಲಿ ಪಂಪಿನ ಮನೆ, ಅದರ ಮುಂದೆ ಬಟ್ಟೆ ಒಗೆಯುವ ಹಾಸುಗಲ್ಲು, ಹಿಂದೆ ಆಳೆತ್ತರದ ಕಬ್ಬು. ಗಂಡಸರೆಲ್ಲ ಬೇವಿನ ನೆರಳಿನಲ್ಲಿ ಕುಳಿತಿದ್ದರು. ಕ್ರಿಯೆಗೆ ಕೂತವನ ತಲೆ, ಮೀಸೆ, ಗಡ್ಡ ಎಲ್ಲ ಅಲ್ಲಿ ತೆಗೆಯಬೇಕು. ಹಡಪದ ಕೆಲಸದ ಮುದುಕರು ಆಗಲೇ ಬಂದು ತಂಬಿಗೆ, ಕತ್ತಿ, ಪಟಿಕ ಹೊಂದಿಸಿಟ್ಟಿದ್ದರು. ಅವರ ತಂದೆಯೇ ನಮ್ಮ ಅಜ್ಜನಿಗೂ ಮಾಡಿದ್ದರಂತೆ.

ನಾನು ಚೀಲದಿಂದ ಟ್ರಿಮ್ಮರು ತೆಗೆದೆ. ಡಾಕ್ಟರು ಹೇಳಿದ್ದಾರೆ, ಇದರಿಂದಲೇ ಆಗಲಿ ಎಂದು ದೊಡ್ಡಪ್ಪನ ಕಿವಿಯ ಹತ್ತಿರ ಹೇಳಿದೆ. ಅವರಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

"ಕುರಿ ತುಪ್ಪಟಾ ಕತ್ತರಸೂ ಮಷೀನ್ ತಂದಾನ ನೋಡ್ರಿ ನಮ್ಮ ಮಾಸ್ತರ," ಅಂದರು. ನೆರಳಿನಲ್ಲಿದ್ದವರು ನಕ್ಕರು. "ಲೇ, ಸತ್ತಾಂವ ನಿಮ್ಮ ಕಾಕಾ. ಬುಡದಿಂದ ತಗೀಬೇಕು. ಅರ್ಧಾ ಬಿಟ್ರ ಅದು ಕಟಿಂಗ್ ಆಗ್ತದ, ಕ್ಷೌರ ಆಗಂಗಿಲ್ಲ."

ನಾನು ಮತ್ತೆ ಬಾಯಿ ತೆರೆಯುವ ಮೊದಲೇ ಅಣ್ಣ ನನ್ನ ಮುಂಗೈ ಹಿಡಿದು ಪಂಪಿನ ಮನೆಯ ಗೋಡೆಯ ಮರೆಗೆ ಕರೆದುಕೊಂಡು ಹೋದ.

"ಸುಮ್ಮಿರು ತಮ್ಮ. ಸಾಲಿಗಿ ಹೋಗೂ ಮುಂದ ಕಾಕಾ ನನ್ನ ಹೆಗಲ ಮ್ಯಾಲ ಹೊತಗೊಂಡು ಹಳ್ಳಾ ದಾಟಸ್ತಿದ್ದ. ಅವಗ ಅರ್ಧಾ ಕೂದಲಾ ಕೊಡಲೇನು?"

"ರಕ್ತ ಬಂದ್ರ?"

"ಅವರ ಕೈಯಾಗ ಎಂದರ ಬಂದದೇನು? ಗುಳಿಗಿ ಮಾತು ಇಲ್ಲಿ ಎತ್ತಬ್ಯಾಡ. ನೆವಾ ಹೇಳಾಕತ್ತಾನ ಅಂತಾರ."

ನಾನು ಎತ್ತಲಿಲ್ಲ. ಮುದುಕರು ಹೊಸ ಬ್ಲೇಡಿನ ಕಾಗದ ನನ್ನ ಕಣ್ಣ ಮುಂದೆಯೇ ಬಿಚ್ಚಿ, ಮುರಿದು, ಅರ್ಧವನ್ನು ಕತ್ತಿಗೆ ಸಿಕ್ಕಿಸಿದರು. "ಹೊಸಾದ ಅದ, ನೋಡ್ರಿ ಸರ್" ಅಂದರು. ನನಗೆ ಸಮಾಧಾನವಾಯಿತು. ಎಂಥ ಸಮಾಧಾನ ಅದು ಎಂದು ಈಗ ನಾಚಿಕೆಯಾಗುತ್ತದೆ. ಅವರು ಕೇಳದ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು, ನಾನು ತಲೆಯಾಡಿಸಿ ಸುಮ್ಮನೆ ನಿಂತಿದ್ದೆ.

ಅವರ ಕೈ ನಿಜಕ್ಕೂ ಹಗುರ. ನೆತ್ತಿಯಿಂದ ಹಣೆಗೆ, ನೆತ್ತಿಯಿಂದ ಕಿವಿಗೆ, ಕತ್ತಿ ಕರಕರ ಸದ್ದು ಮಾಡುತ್ತ ಇಳಿಯಿತು. ಅಣ್ಣ ಕಣ್ಣು ಮುಚ್ಚಿದ್ದ. ಎರಡು ವರ್ಷದ ಮೇಲೆ ಅವನ ಮುಖದಲ್ಲಿ ಆ ಹಳೆಯ ಅಂಗಡಿಯ ಸುಖ ಕಂಡೆ. ಗಡ್ಡ, ಮೀಸೆ ಮುಗಿಯಿತು. ಒಂದು ಹನಿ ರಕ್ತವಿಲ್ಲ. ಕೊನೆಗೆ ಎಡಗಿವಿಯ ಹಿಂದೆ ಉಳಿದಿದ್ದ ನಾಲ್ಕು ಕೂದಲಿಗೆ ಕತ್ತಿ ಮುಟ್ಟಿಸಿದಾಗ ಅಲ್ಲಿದ್ದ ಸಣ್ಣ ನರಹುಲಿಯ ತುದಿ ಹಾರಿತು. ಸಾಸಿವೆ ಕಾಳಿನಷ್ಟು.

ಮುದುಕರು ಪಟಿಕ ಒತ್ತಿದರು. ತೆಗೆದರು. ಮತ್ತೆ ಬಂತು. ಮತ್ತೆ ಒತ್ತಿದರು. ಯಾರೋ ಅರಿಶಿನ ತಂದರು. ಅರಿಶಿನ ತೊಯ್ದು ಕೆಂಪಾಗಿ ಕುತ್ತಿಗೆಯ ಮೇಲೆ ಇಳಿಯಿತು. ಕ್ಷೌರವಾದ ಮೇಲೆ ತಡ ಮಾಡಬಾರದೆಂದು ದೊಡ್ಡಪ್ಪ ಪಂಪು ಚಾಲೂ ಮಾಡಿಸಿ ತಲೆಯ ಮೇಲೆ ನೀರು ಹೊಯ್ಯಿಸಿದರು. ಹಾಸುಗಲ್ಲಿನ ಮೇಲೆ ನೀರು ತಿಳಿಯಾಗಲೇ ಇಲ್ಲ. ಒಂದು ಟವೆಲ್ ತೊಯ್ಯಿತು, ಎರಡನೆಯದು ತೊಯ್ಯಿತು. ಅಣ್ಣ ಎದ್ದು ನಿಲ್ಲಲು ಹೋಗಿ ನನ್ನ ಭುಜ ಹಿಡಿದು ಹಾಗೆಯೇ ಕೂತುಬಿಟ್ಟ. ಅವನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಆಗ ಗುಳಿಗೆಯ ಮಾತು ಹೇಳಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ. ಮುದುಕರು ಕತ್ತಿಯನ್ನು ಕಲ್ಲಿನ ಮೇಲೆ ಇಟ್ಟು ನನ್ನ ಮುಖ ನೋಡಿದರು.

"ಮೊದಲ ಹೇಳಬೇಕಿತ್ರಿ ಸರ್. ನಾ ಕತ್ತಿನೇ ಹಿಡೀತಿದ್ದಿಲ್ಲ."

ಅಷ್ಟೇ ಹೇಳಿದರು. ದೊಡ್ಡಪ್ಪ ಕಾರು ತರಿಸಿದರು.

ಕಾರಿನ ಹಿಂದಿನ ಸೀಟಿನಲ್ಲಿ ಅಣ್ಣನ ತಲೆ ನನ್ನ ತೊಡೆಯ ಮೇಲೆ. ಹೆಬ್ಬೆರಳಿನಿಂದ ಕಿವಿಯ ಹಿಂದೆ ಒತ್ತಿ ಹಿಡಿದಿದ್ದೆ. ಮನೆಯ ಹತ್ತಿರ ಹತ್ತಿಸಿಕೊಂಡ ವೈನಿ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತಿದ್ದಳು. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ, ಯಾವುದೂ ಬದಿಗೆ ಸರಿಯುವಂತಿರಲಿಲ್ಲ. ಬೋಳು ತಲೆಯ ಆ ಮುಖ ಅಣ್ಣನದು ಅನ್ನಿಸುತ್ತಿರಲಿಲ್ಲ. ಹತ್ತು ದಿನದ ಹಿಂದೆ ಚಾಪೆಯ ಮೇಲೆ ಮಲಗಿಸಿದ್ದ ಕಾಕಾನ ಮುಖದ ಹಾಗಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ. ನನ್ನ ಹೆಬ್ಬೆರಳಿನ ಅಡಿಯಲ್ಲಿ ಬೆಚ್ಚಗೆ ಒಸರುತ್ತಲೇ ಇತ್ತು.

ಅಫಜಲಪುರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ಬಿಗಿಯಾಗಿ ಪಟ್ಟಿ ಸುತ್ತಿ, ಇಲ್ಲಿ ಇಟ್ಟುಕೊಳ್ಳುವುದು ಬೇಡವೆಂದು ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು. ಅಲ್ಲಿ ರಕ್ತ ಪರೀಕ್ಷೆಯ ಕಾಗದ ಬಂದಾಗ ಡಾಕ್ಟರು ಅದನ್ನು ಎರಡು ಸಲ ಓದಿದರು. ಅಣ್ಣನ ರಕ್ತ ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ತೆಳುವಾಗಿತ್ತು. ಗುಳಿಗೆ ಎರಡೆರಡು ಕೊಟ್ಟಿರಾ ಎಂದು ಕೇಳಿದರು. ಇಲ್ಲವೆಂದಳು ವೈನಿ. ಬೇರೆ ಔಷಧಿ? ಇಲ್ಲ. ಹಾಗಾದರೆ ಊಟದಲ್ಲಿ ಏನು ಬದಲಾಯಿತು? ವೈನಿ ಹತ್ತು ದಿನದ ಸಪ್ಪೆ ಊಟ ಹೇಳಿದಳು, ಸೊಪ್ಪಿನ ಪಲ್ಯ ಬಿಟ್ಟದ್ದು ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಸೊಪ್ಪಿನಲ್ಲಿರುವ ಅಂಶ ಈ ಗುಳಿಗೆಯನ್ನು ತಡೆಹಿಡಿಯುತ್ತದೆ, ದಿನಾ ಸೊಪ್ಪು ತಿನ್ನುವವನಿಗೆ ಎಷ್ಟು ಬೇಕೋ ಅಷ್ಟು ಲೆಕ್ಕ ಹಾಕಿ ಗುಳಿಗೆ ಕೊಟ್ಟದ್ದು, ಸೊಪ್ಪು ಒಮ್ಮೆಲೇ ನಿಲ್ಲಿಸಿದರೆ ಅದೇ ಗುಳಿಗೆ ವಿಷವಾಗುತ್ತದೆ ಎಂದರು. ಊಟ ಏರುಪೇರು ಮಾಡಬೇಡಿ ಎಂದು ಮೊದಲೇ ಹೇಳಿದ್ದೆನಲ್ಲ ಎಂದು ನನ್ನನ್ನು ನೋಡಿದರು. ಹೇಳಿದ್ದರು. ಎಲ್ಲ ರೋಗಿಗಳಿಗೂ ಹೇಳುವ ಮಾತು ಎಂದು ನಾನು ಬಿಟ್ಟಿದ್ದೆ. ರಸಾಯನಶಾಸ್ತ್ರ ಕಲಿಸುವವನು ನಾನು.

"ಕಿವಿಯ ಹಿಂದೆ ಗಾಯ ಆಗದಿದ್ದರೆ ನೀವು ಬರುತ್ತಲೇ ಇರಲಿಲ್ಲ," ಅಂದರು ಅವರು. "ಇನ್ನೆರಡು ದಿನಕ್ಕೆ ತಲೆಯೊಳಗೆ ಸೋರಲು ಶುರುವಾಗುತ್ತಿತ್ತು. ಹೊರಗೆ ಏನೂ ಕಾಣುತ್ತಿರಲಿಲ್ಲ."

ನಾಲ್ಕು ದಿನ ಇಟ್ಟುಕೊಂಡರು. ರಕ್ತ ಗಟ್ಟಿಯಾಗಲು ಔಷಧಿ ಕೊಡಬೇಕು, ಹೆಚ್ಚಾದರೆ ಕವಾಟ ಕಟ್ಟುತ್ತದೆ. ಒಂದು ಅಂಚಿನಿಂದ ಎಳೆದು ಇನ್ನೊಂದು ಅಂಚಿಗೆ ತಳ್ಳದ ಹಾಗೆ ಹೆಜ್ಜೆ ಹೆಜ್ಜೆಯಾಗಿ ತಂದರು. ಅಣ್ಣ ಉಳಿದ. ಆದರೆ ನನ್ನೊಳಗೆ ಆ ಹತ್ತು ದಿನ ಮುಗಿದಿಲ್ಲ. ಎರಡು ವರ್ಷ ನಾನು ಬ್ಲೇಡನ್ನು ಕಾದೆ. ಸಾವು ಆ ಹತ್ತು ದಿನ ಊಟದ ತಾಟಿನಲ್ಲಿ ಬಂದು ಕೂತಿತ್ತು, ನಾನೇ ಎದುರು ಕೂತು ಉಂಡಿದ್ದೆ. ಈಗ ನಾನು ಎಲ್ಲಿ ನೋಡಲಿ? ತರಗತಿಯಲ್ಲಿ ಬೋರ್ಡಿಗೆ ಬೆನ್ನು ತಿರುಗಿಸುವಾಗ ಹೆಬ್ಬೆರಳು ಒಮ್ಮೊಮ್ಮೆ ತಾನಾಗಿ ಬೆರಳುಗಳನ್ನು ಒತ್ತಿ ಹಿಡಿದಿರುತ್ತದೆ.

ಹೋದ ಭಾನುವಾರ ಆಳಂದಕ್ಕೆ ಹೋಗಿದ್ದೆ. ಅಂಗಳದಲ್ಲಿ ಅಣ್ಣನಿಗೆ ಟ್ರಿಮ್ಮರು ಹಿಡಿದಿದ್ದಾಗ ದೊಡ್ಡಪ್ಪನ ಫೋನು ಬಂತು. ಅವರಿಗೆ ಈಗ ಎದ್ದು ಓಡಾಡಲು ಆಗುವುದಿಲ್ಲ, ಉಸಿರು ಹತ್ತುತ್ತದೆ. ಅವರಿಗೂ ಗಂಡು ಮಕ್ಕಳಿಲ್ಲ, ನಾಳೆ ಅವರ ಕ್ರಿಯೆಗೂ ಅಣ್ಣನೇ ಕೂರಬೇಕು. ಸ್ಪೀಕರಿಗೆ ಹಾಕೆಂದು ವೈನಿಗೆ ಹೇಳಿ, ಮಾತಿನ ನಡುವೆ ನಿಂತು ನಿಂತು ಹೇಳಿದರು.

"ನನ್ನ ಪಾಳಿ ಬಂದಾಗ ಅವಗ ಪಲ್ಯಾ ತಿನಸವಾ. ಮಷೀನ್ ಹಿಡೀರಿ. ಹಿರ್ಯಾ ನಾನೇ ಹೇಳಾಕತ್ತೇನಿ, ಯಾರರ ಏನರ ಅಂದ್ರ ಹೀಂಗ ಹೇಳ್ಯಾನ ಅನ್ರಿ."

ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಫೋನು ಇಟ್ಟ ಮೇಲೆ ಅಣ್ಣ ಅರ್ಧ ತೆಗೆದ ಗಡ್ಡವನ್ನು ಸವರಿಕೊಂಡ.

"ಕಾಕಾಗ ಕತ್ತಿ, ದೊಡ್ಡಪ್ಪಗ ಮಷೀನು," ಅಂದ. "ಊರ ಮುಂದ ಹೆಂಗ ಕೂಡ್ಲಿ ತಮ್ಮ?"

"ಅವರೇ ಹೇಳ್ಯಾರಲ್ಲ."

"ಅವರು ಹೇಳ್ತಾರ. ದೊಡ್ಡವರು ಅದಾರ."

ನಾನು ಟ್ರಿಮ್ಮರು ಚಾಲೂ ಮಾಡಿ ಉಳಿದ ಅರ್ಧ ಗಲ್ಲ ಮುಗಿಸಿದೆ. ಒಳಗೆ ವೈನಿ ರೊಟ್ಟಿ ಬಡಿಯುತ್ತಿದ್ದಳು, ತಾಟಿನ ಬದಿಗೆ ಮೆಂತೆಯ ಸೂಡು ತೊಳೆದಿಟ್ಟಿದ್ದಳು. ಅಣ್ಣ ಉಣ್ಣಲು ಕುಳಿತ. ಅವನು ಎಷ್ಟು ಎಸಳು ತಿಂದ ಎಂದು ನಾನು ನೋಡುತ್ತಿದ್ದೆ, ವೈನಿಯೂ ನೋಡುತ್ತಿದ್ದಳು. ನಾವಿಬ್ಬರೂ ನೋಡುತ್ತಿದ್ದೇವೆಂದು ಅವನಿಗೆ ಗೊತ್ತಿತ್ತು.