ಅಮ್ಮನ ಕ್ಯಾಲ್ಸಿಯಂ

ತೊಂಬತ್ತರ ದಶಕದ ನಡುವಿನಲ್ಲಿ ಬ್ಯಾಂಕಿನವರು ನನ್ನನ್ನು ಕೊಚ್ಚಿಗೆ ಎತ್ತಿ ಹಾಕಿದರು. ಹಿಂದೆಯೇ ಅಮ್ಮನೂ ಮೈಸೂರಿನಿಂದ ಅಲ್ಲಿನ ಕಲೂರಿನ ಬಾಡಿಗೆ ಮನೆಗೆ ಬಂದಳು. ಅವಳಿಗೆ ಮಲಯಾಳಂ ಬಾರದು, ಹಾಗಂತ ಬಾಯಿ ಸುಮ್ಮನಿರದು. ಬಾಗಿಲಿಗೆ ಬಂದ ಮೀನಿನವನಿಗೆ ನಾವು ಮೀನು ತಿನ್ನುವವರಲ್ಲ ಎಂದು ಕನ್ನಡದಲ್ಲೇ ಹೇಳಿ, ಅವನ ಹೆಂಡತಿ ಮಕ್ಕಳ ಯೋಗಕ್ಷೇಮವನ್ನೂ ಕನ್ನಡದಲ್ಲೇ ವಿಚಾರಿಸಿ ಕಳಿಸುತ್ತಿದ್ದಳು.

ಆಮೇಲೆ ಅವಳಿಗೆ ಸುಸ್ತು, ಮೈಕೈ ನೋವು ಶುರುವಾಯಿತು. ಮನೆ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದಳು. ಕ್ಯಾಲ್ಸಿಯಂ ಹೆಚ್ಚಿದೆ ಎಂದರು. ಅಲ್ಲೇ ಇನ್ನೊಮ್ಮೆ ಕೊಟ್ಟಳು, ಆಗಲೂ ಅದೇ. ನನಗೆ ರಜೆ ಸಿಗದೆ ಎರಡು ಸಲವೂ ಒಬ್ಬಳೇ ಹೋಗಿದ್ದಳು. ಕುತ್ತಿಗೆಯ ಗ್ರಂಥಿ ಕೆಟ್ಟಿರಬಹುದು, ಆಪರೇಷನ್ ಬೇಕಾಗಬಹುದು, ಅಪರೂಪಕ್ಕೆ ದನಿ ಹೋಗುವುದೂ ಉಂಟು ಎಂದು ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಹೇಳಿ, ತಿರುವನಂತಪುರದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ನಾನದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವತ್ತಿನಿಂದ ಅವಳು ಮಾತೇ ಕಡಿಮೆ ಮಾಡಿಬಿಟ್ಟಳು. ರೈಲಿನಲ್ಲೂ ಕಿಟಕಿ ನೋಡುತ್ತ ಕೂತಿದ್ದಳು. ಚಹಾ ನೀರುನೀರಾಗಿದೆ ಎಂದು ಮಾರುವವನನ್ನು ಬೈಯಲೂ ಇಲ್ಲ. ಕಾಯಿಲೆಗಿಂತ ಆ ಮೌನಕ್ಕೇ ನನಗೆ ಹೆಚ್ಚು ಭಯವಾಯಿತು.

ಅಲ್ಲಿನ ಡಾಕ್ಟರು ಹಳೆಯ ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು, ಮೊದಲು ಮತ್ತೊಮ್ಮೆ ಅಳೆಯೋಣ ಎಂದರು. ಈ ಸಲ ನಾನು ಲ್ಯಾಬಿನೊಳಗೆ ಅಮ್ಮನ ಪಕ್ಕದಲ್ಲೇ ನಿಂತೆ. ರಕ್ತ ತೆಗೆಯುವ ಹುಡುಗಿ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮುಷ್ಟಿ ಮುಚ್ಚಿ ಬಿಚ್ಚಿ ತೋರಿಸಿದಳು. ಅಮ್ಮನೂ ಹಾಗೇ ಮಾಡತೊಡಗಿದಳು.

“ಮದಿ, ಅಮ್ಮೇ,” ಎಂದಳು ಹುಡುಗಿ.

ಅಮ್ಮ ಇನ್ನೂ ಜೋರಾಗಿ ಹಿಚುಕಿದಳು.

“ಮದಿ, ಮದಿ.”

ಅಮ್ಮ ಹಲ್ಲು ಕಚ್ಚಿ ಹಿಚುಕುತ್ತಲೇ ಇದ್ದಳು.

“ಅಮ್ಮಾ, ನಿಲ್ಸು. ಸಾಕು ಅಂತಿದಾಳೆ ಅವಳು.”

“ಮಾಡಿ ಮಾಡಿ ಅಂತಿದಾಳಲ್ಲೇ. ಅಲ್ಲೂ ಹಿಂಗೇ ಅಂದ್ರು. ಕೈ ಬಿದ್ದೋಗೋ ತನಕ ಮಾಡಿದೀನಿ ಎರಡು ಸಲಾನೂ.”

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಡಾಕ್ಟರ ಹತ್ತಿರ ಓಡಿದೆ. ಪಟ್ಟಿ ಬಿಗಿದು ಅಷ್ಟು ಹೊತ್ತು ಹಿಚುಕಿದರೆ ಅಲ್ಲಿನ ರಕ್ತದಿಂದ ನೀರು ಹೊರಗೆ ಜಿನುಗಿ ರಕ್ತ ಗಟ್ಟಿಯಾಗುತ್ತದೆ, ಕ್ಯಾಲ್ಸಿಯಂ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ ಎಂದರು. ಅದೇ ಕಾರಣವೋ ಅಲ್ಲವೋ, ಸರಿಯಾಗಿ ಅಳೆದ ಮೇಲೆಯೇ ಗೊತ್ತಾಗಬೇಕು. ಅಮ್ಮನನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ಇನ್ನೊಂದು ಕೈಯಿಂದ ಪಟ್ಟಿ ಕಟ್ಟದೆಯೇ ರಕ್ತ ತೆಗೆದರು. ಆ ಕೈಯ ಬೆರಳೂ ಅಲುಗದಂತೆ ನಾನು ಹಿಡಿದುಕೊಂಡಿದ್ದೆ. ದೇವರೇ, ಇದು ಬರೀ ಭಾಷೆಯ ತಪ್ಪಾಗಿರಲಿ ಎಂದು ಬೇಡಿಕೊಂಡೆ.

ಮರುದಿನ ಡಾಕ್ಟರು ರಿಪೋರ್ಟು ನೋಡಿ ಕನ್ನಡಕ ತೆಗೆದರು. ಕ್ಯಾಲ್ಸಿಯಂ ಎಷ್ಟಿರಬೇಕೋ ಅಷ್ಟೇ ಇತ್ತು. ಅವರು ನನ್ನನ್ನು ಬಿಟ್ಟು ಅಮ್ಮನ ಕಡೆಗೇ ತಿರುಗಿದರು.

“ಆಪರೇಷನ್ ವೇಂಡಾ, ಅಮ್ಮೇ.”

ಆಪರೇಷನ್ ಬೇಡವಂತೆ ಎಂದು ಕನ್ನಡದಲ್ಲಿ ಹೇಳಲು ನಾನು ಬಾಯಿ ತೆರೆದೆ. ಅಮ್ಮ ಕೈಯೆತ್ತಿ ನನ್ನನ್ನು ತಡೆದಳು.

“ಮದಿ,” ಎಂದಳು.